ಅದೇ ಇಬ್ಬರು, ಅದೇ ಊರು, ಗುರುತು ಮಾತ್ರ ಅದಲುಬದಲು: ಹೊಸಕೋಟೆಯ ಎಂಟಿಬಿ ಕಥೆ

ಭಾಗ 1/8

ಹೊಸಕೋಟೆ ಅಂದ ತಕ್ಷಣ ನಮ್ಮ ಕ್ಲಾಸಲ್ಲಿ ಎಲ್ಲರ ಬಾಯಲ್ಲೂ ಬರೋದು ಒಂದೇ: ಬೆಳಗಿನ ಜಾವದ ಬಿರಿಯಾನಿ. ಆದ್ರೆ ಚುನಾವಣೆ ಫಾಲೋ ಮಾಡೋರಿಗೆ ಆ ಊರು ಬೇರೆ ಕಾರಣಕ್ಕೆ ಗೊತ್ತು.

2018ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಎಂ.ಟಿ.ಬಿ. ನಾಗರಾಜ್ ಕೈ ಗುರುತಿನಿಂದ ನಿಂತಿದ್ರು, ಶರತ್ ಬಚ್ಚೇಗೌಡ ಕಮಲದಿಂದ. 2023ರಲ್ಲಿ ಅದೇ ಇಬ್ಬರು ಮತ್ತೆ ಮುಖಾಮುಖಿ. ಆದ್ರೆ ಈ ಸಲ ಎಂಟಿಬಿ ಕಮಲ, ಶರತ್ ಕೈ! ಮಧ್ಯದಲ್ಲಿ 2019ರಲ್ಲಿ ಒಂದು ಉಪಚುನಾವಣೆ, ಅದರಲ್ಲಿ ಒಂದು ಪ್ರೆಶರ್ ಕುಕ್ಕರ್.

ನೆಲಮಂಗಲದವರಿಗೆ ಇದು ಯಾಕೆ ಬೇಕು ಅಂತೀರಾ? ಒಂದೇ ಜಿಲ್ಲೆ. ಒಂದೇ ರಾಷ್ಟ್ರೀಯ ಹೆದ್ದಾರಿ 75, ನಮ್ಮೂರು ಬೆಂಗಳೂರಿನ ಈ ಕಡೆ, ಅವರೂರು ಆ ಕಡೆ. ಲೋಕಸಭೆಗೆ ಬಂದ್ರೆ ಎರಡೂ ಊರು ಚಿಕ್ಕಬಳ್ಳಾಪುರ ಕ್ಷೇತ್ರಕ್ಕೇ ಸೇರಿದ್ದು. ಅಂದ್ರೆ ಈ ಕಥೆಯ ಪಾತ್ರಗಳಿಗೆ ನಮ್ಮ ಮನೆಯವರೂ ವೋಟು ಹಾಕಿದ್ದಾರೆ.

ಮುಂಚೇನೇ ಹೇಳಿಬಿಡ್ತೀನಿ, ಇದು ಯಾವ ಪಕ್ಷದ ಪರವೂ ಅಲ್ಲ. ಕೇಳ್ತಿರೋ ಪ್ರಶ್ನೆ ಒಂದೇ: ನಾವು ವೋಟು ಹಾಕೋದು ಮನುಷ್ಯನಿಗಾ, ಗುರುತಿಗಾ?

ಭಾಗ 2/8: ಎರಡು ಮನೆ, ಒಂದು ಸೀಟು

ಮೊದಲು ಹಿನ್ನೆಲೆ. ಹೊಸಕೋಟೆಯಲ್ಲಿ ಜನತಾ ಪರಿವಾರದ ಕಾಲದಿಂದ ದೊಡ್ಡ ಹೆಸರು ಬಿ.ಎನ್. ಬಚ್ಚೇಗೌಡರದ್ದು. ಅವರ ಎದುರು ಕಾಂಗ್ರೆಸ್‌ನಿಂದ 2004ರಲ್ಲಿ ಗೆದ್ದು ವಿಧಾನಸಭೆಗೆ ಬಂದವರು ಎಂಟಿಬಿ ನಾಗರಾಜ್. ದಾಖಲೆಯಲ್ಲಿ ಹೆಸರು ಎನ್. ನಾಗರಾಜು, ಜನರ ಬಾಯಲ್ಲಿ ಬರೀ ಎಂಟಿಬಿ.

ಆಮೇಲೆ ನಡೆದಿದ್ದು ಹಗ್ಗಜಗ್ಗಾಟ.
2004: ಎಂಟಿಬಿ, ಕಾಂಗ್ರೆಸ್.
2008: ಬಚ್ಚೇಗೌಡ, ಬಿಜೆಪಿ. ಯಡಿಯೂರಪ್ಪ ಸರ್ಕಾರದಲ್ಲಿ ಕಾರ್ಮಿಕ ಸಚಿವರೂ ಆದ್ರು.
2013: ಮತ್ತೆ ಎಂಟಿಬಿ, ಕಾಂಗ್ರೆಸ್.

2014ರಲ್ಲಿ ಬಚ್ಚೇಗೌಡರು ಲೋಕಸಭೆಗೆ ನಿಂತು ವೀರಪ್ಪ ಮೊಯ್ಲಿ ಎದುರು 9,520 ಮತಗಳಿಂದ ಸೋತರು. ಇಡೀ ಲೋಕಸಭಾ ಕ್ಷೇತ್ರಕ್ಕೆ ಹೋಲಿಸಿದ್ರೆ ಅದು ಕೂದಲೆಳೆ ಅಂತರ.

2018ಕ್ಕೆ ಅಪ್ಪನ ಜಾಗಕ್ಕೆ ಮಗ ಶರತ್ ಬಂದ್ರು. ಎಂಟಿಬಿಗೆ 98,824 ಮತ, ಶರತ್‌ಗೆ 91,227. ಅಂತರ 7,597. ಒಂದು ತಲೆಮಾರು ಬದಲಾಯ್ತು, ಜಿದ್ದು ಬದಲಾಗಲಿಲ್ಲ.

ಪತ್ರಿಕೆಗಳು ಇದನ್ನ ಕುರುಬ, ಒಕ್ಕಲಿಗ ಲೆಕ್ಕದಲ್ಲಿ ಬರೆಯುತ್ತವೆ. ಆ ಲೆಕ್ಕ ಇಲ್ಲ ಅಂತ ಹೇಳೋಕಾಗಲ್ಲ. ಆದ್ರೆ ಅದೊಂದರಿಂದಲೇ ಮುಂದಿನ ಕಥೆ ಅರ್ಥ ಆಗಲ್ಲ, ನೋಡ್ತಾ ಹೋಗಿ.

ಭಾಗ 3/8: ಸಚಿವ ಸ್ಥಾನ ಬಿಟ್ಟು ಹೊರಟಿದ್ದು

2018ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಕಾಂಗ್ರೆಸ್, ಜೆಡಿಎಸ್ ಸೇರಿ ಕುಮಾರಸ್ವಾಮಿ ಮುಖ್ಯಮಂತ್ರಿ ಆದ್ರು. ಆ ವರ್ಷದ ಡಿಸೆಂಬರ್‌ನಲ್ಲಿ ಎಂಟಿಬಿ ವಸತಿ ಸಚಿವರಾದ್ರು. ಆಗ ಅವರು ಸಿದ್ದರಾಮಯ್ಯನವರ ಕಟ್ಟಾ ಅಭಿಮಾನಿ ಅಂತಲೇ ಹೆಸರು. ಎದೆ ಬಗೆದ್ರೂ ಸಿದ್ದರಾಮಯ್ಯನವರೇ ಕಾಣ್ತಾರೆ ಅನ್ನೋ ಅರ್ಥದಲ್ಲಿ ಅವರಾಡಿದ ಮಾತು ಆಮೇಲೆ ಎಷ್ಟು ಟ್ರೋಲ್ ಆಯ್ತು ಅಂತ ನಿಮಗೆ ನೆನಪಿರಬಹುದು.

10 ಜುಲೈ 2019. ಎಂಟಿಬಿ ಮತ್ತು ಚಿಕ್ಕಬಳ್ಳಾಪುರ ಶಾಸಕ ಡಾ. ಕೆ. ಸುಧಾಕರ್ ಒಂದೇ ದಿನ ರಾಜೀನಾಮೆ ಕೊಟ್ರು. ಮನವೊಲಿಕೆ ನಡೀತು, ಕಾಂಗ್ರೆಸ್ ನಾಯಕರು ಮನೆಗೇ ಹೋದ್ರು. ಇನ್ನೇನು ವಾಪಸ್ ಬಂದ್ರು ಅನ್ನೋಷ್ಟರಲ್ಲಿ ಅವರು ಮುಂಬೈ ವಿಮಾನ ಹತ್ತಿದ್ರು. ಜುಲೈ 23ಕ್ಕೆ ವಿಶ್ವಾಸಮತ: ಪರ 99, ವಿರುದ್ಧ 105. ಸರ್ಕಾರ ಬಿತ್ತು.

ಜುಲೈ 28ಕ್ಕೆ ಸ್ಪೀಕರ್ ರಮೇಶ್ ಕುಮಾರ್ 14 ಶಾಸಕರನ್ನ ಅನರ್ಹಗೊಳಿಸಿದ್ರು, ಅದರಲ್ಲಿ ಎಂಟಿಬಿಯೂ ಒಬ್ಬರು. ಅದಕ್ಕೆ ಮುಂಚೆ ಮೂವರನ್ನ ಅನರ್ಹ ಮಾಡಿದ್ರು. ಒಟ್ಟು 17.

ಭಾಗ 4/8: ಪರೀಕ್ಷೆಗೂ ಉಪಯೋಗ ಆಗೋ ಭಾಗ

ನಮ್ಮ ಸಂವಿಧಾನ ಪೇಪರ್‌ನಲ್ಲಿ ಬರೋ ಹತ್ತನೇ ಅನುಸೂಚಿ, ಅಂದ್ರೆ ಪಕ್ಷಾಂತರ ನಿಷೇಧ, ಓದೋವಾಗ ಒಣಕಲು ಅನ್ಸುತ್ತೆ. ಈ ಕೇಸಲ್ಲಿ ಇಟ್ಟು ನೋಡಿ, ತಾನಾಗೇ ತಲೆಗೆ ಹೋಗುತ್ತೆ.

ಸ್ಪೀಕರ್ ಹೇಳಿದ್ದು: ನೀವು ಅನರ್ಹರು, ಈ ವಿಧಾನಸಭೆಯ ಅವಧಿ ಮುಗಿಯೋವರೆಗೂ ಚುನಾವಣೆಗೆ ನಿಲ್ಲೋ ಹಾಗಿಲ್ಲ.

13 ನವೆಂಬರ್ 2019ರಂದು ಸುಪ್ರೀಂ ಕೋರ್ಟ್ ಹೇಳಿದ್ದು: ಅನರ್ಹತೆ ಸರಿ. ಆದ್ರೆ ಇಷ್ಟು ವರ್ಷ ನಿಲ್ಲಬೇಡಿ ಅನ್ನೋ ಅಧಿಕಾರ ಸ್ಪೀಕರ್‌ಗೆ ಇಲ್ಲ.

ಪರಿಣಾಮ ಏನು? ಶಾಸಕ ಸ್ಥಾನ ಹೋಯ್ತು, ಆದ್ರೆ ಅದೇ ಖಾಲಿ ಸೀಟಿಗೆ ಅದೇ ವ್ಯಕ್ತಿ ಬೇರೆ ಪಕ್ಷದಿಂದ ಮತ್ತೆ ನಿಲ್ಲಬಹುದು. ಇನ್ನೊಂದು ಷರತ್ತು ಸಂವಿಧಾನದ 164ನೇ ವಿಧಿಯಲ್ಲಿದೆ: ಹೀಗೆ ಅನರ್ಹರಾದವರು ಆ ಅವಧಿ ಮುಗಿಯೋವರೆಗೆ, ಇಲ್ಲಾ ಮತ್ತೆ ಆಯ್ಕೆಯಾಗಿ ಬರೋವರೆಗೆ, ಸಚಿವರಾಗೋ ಹಾಗಿಲ್ಲ. ಈ ‘ಆಯ್ಕೆ’ ಅನ್ನೋ ಪದ ನೆನಪಿಟ್ಕೊಳ್ಳಿ, ಆರನೇ ಭಾಗದಲ್ಲಿ ಬೇಕಾಗುತ್ತೆ.

ಕಾನೂನು ತನ್ನ ಕೆಲಸ ಮುಗಿಸಿ ಕಡೇ ತೀರ್ಪನ್ನ ಹೊಸಕೋಟೆ ಮತದಾರರ ಕೈಗೆ ಕೊಡ್ತು.

ಭಾಗ 5/8: ಕುಕ್ಕರ್ ಕೂಗಿದ ದಿನ

ಬಿಜೆಪಿ ಟಿಕೆಟ್ ಎಂಟಿಬಿಗೆ ಹೋಯ್ತು. ಹಿಂದಿನ ವರ್ಷ ಅದೇ ಪಕ್ಷದಿಂದ ಅವರ ವಿರುದ್ಧ ನಿಂತು 91 ಸಾವಿರ ಮತ ತಗೊಂಡಿದ್ದ ಶರತ್ ಏನ್ಮಾಡ್ಬೇಕು? ಸ್ವಾಭಿಮಾನದ ಹೆಸರಲ್ಲಿ ಪಕ್ಷೇತರರಾಗಿ ನಿಂತ್ರು. ಪಕ್ಷ ಉಚ್ಚಾಟನೆ ಮಾಡ್ತು. ಗುರುತು ಸಿಕ್ಕಿದ್ದು ಪ್ರೆಶರ್ ಕುಕ್ಕರ್. ಜೆಡಿಎಸ್ ಅಭ್ಯರ್ಥಿ ಹಾಕದೆ ಅವರಿಗೇ ಬೆಂಬಲ ಕೊಡ್ತು. ಕಾಂಗ್ರೆಸ್‌ನಿಂದ ಪದ್ಮಾವತಿ ಸುರೇಶ್.

ಇಲ್ಲೇ ಒಂದು ವಿಚಿತ್ರ ನೋಡಿ. ಅದೇ ವರ್ಷ ಲೋಕಸಭಾ ಚುನಾವಣೆಯಲ್ಲಿ ಶರತ್ ತಂದೆ ಬಚ್ಚೇಗೌಡರು ಬಿಜೆಪಿಯಿಂದ 1,82,110 ಮತಗಳ ಅಂತರದಲ್ಲಿ ಗೆದ್ದು ನಮ್ಮ ಸಂಸದರಾಗಿದ್ರು. ಅಪ್ಪ ಬಿಜೆಪಿ ಸಂಸದ, ಮಗ ಬಿಜೆಪಿ ಅಭ್ಯರ್ಥಿಯ ವಿರುದ್ಧ!

5 ಡಿಸೆಂಬರ್ 2019ಕ್ಕೆ ಮತದಾನ. ಹೊಸಕೋಟೆಯಲ್ಲಿ ಶೇ 90 ದಾಟಿತು, ಆ ದಿನ ಮತದಾನ ನಡೆದ 15 ಕ್ಷೇತ್ರಗಳಲ್ಲೇ ಅತಿ ಹೆಚ್ಚು. 9ಕ್ಕೆ ಎಣಿಕೆ.

ಶರತ್ ಬಚ್ಚೇಗೌಡ: 81,671
ಎಂಟಿಬಿ ನಾಗರಾಜ್: 70,185
ಪದ್ಮಾವತಿ ಸುರೇಶ್: 41,443

ಅಂತರ 11,486. ಆ 15ರಲ್ಲಿ ಬಿಜೆಪಿ 12 ಗೆಲ್ತು, ಕಾಂಗ್ರೆಸ್ 2, ಪಕ್ಷೇತರ ಒಂದೇ ಒಂದು, ಅದು ಹೊಸಕೋಟೆ. ಪಕ್ಷ ಬಿಟ್ಟು ಬಂದು ಬಿಜೆಪಿಯಿಂದ ನಿಂತ 13 ಜನರಲ್ಲಿ 11 ಜನ ಗೆದ್ರು. ಸೋತ ಇಬ್ಬರಲ್ಲಿ ಒಬ್ಬರು ಎಂಟಿಬಿ, ಇನ್ನೊಬ್ಬರು ಹುಣಸೂರಿನ ಎಚ್. ವಿಶ್ವನಾಥ್.

ದುಡ್ಡಿನ ವಿಷಯ ಹೇಳದೆ ಇರೋಕಾಗಲ್ಲ. ಎಂಟಿಬಿ 2018ರ ಅಫಿಡವಿಟ್‌ನಲ್ಲೇ ಘೋಷಿಸಿದ ಆಸ್ತಿ 1,000 ಕೋಟಿ ರೂಪಾಯಿ ದಾಟಿತ್ತು, 2023ಕ್ಕೆ 1,600 ಕೋಟಿ ದಾಟಿತು. ದೇಶದ ಅತಿ ಶ್ರೀಮಂತ ಅಭ್ಯರ್ಥಿಗಳ ಸಾಲಲ್ಲಿ ಅವರ ಹೆಸರು ಬರುತ್ತೆ. ಆದ್ರೂ 2018ರ ನಂತರ ಹೊಸಕೋಟೆ ಅವರನ್ನ ಮತ್ತೆ ಗೆಲ್ಲಿಸಿಲ್ಲ. ದುಡ್ಡಿದ್ರೆ ಎಲೆಕ್ಷನ್ ಗೆದ್ದ ಹಾಗೇ ಅನ್ನೋರು ಈ ಸಾಲನ್ನ ಇನ್ನೊಂದ್ಸಲ ಓದಿ.

ಭಾಗ 6/8: ಮುಂಬಾಗಿಲು ಮುಚ್ಚಿತು, ಪಕ್ಕದ ಬಾಗಿಲು ತೆರೀತು

ಜನ ಬೇಡ ಅಂದ್ರು, ಅಲ್ಲಿಗೆ ಮುಗೀತು ಅನ್ಕೊಂಡ್ರಾ? ಇಲ್ಲ. ನಮ್ಮ ರಾಜ್ಯದಲ್ಲಿ ಎರಡು ಸದನ ಇವೆ.

ಜೂನ್ 2020ರಲ್ಲಿ ಎಂಟಿಬಿ ವಿಧಾನ ಪರಿಷತ್ತಿಗೆ ಅವಿರೋಧವಾಗಿ ಆಯ್ಕೆಯಾದ್ರು. ಶಾಸಕರು ಮತ ಹಾಕಿ ಕಳಿಸೋ ಕೋಟಾ ಅದು. ಸೋತಿದ್ದ ವಿಶ್ವನಾಥ್ ಅವರೂ ಪರಿಷತ್ತಿಗೆ ಬಂದ್ರು, ಆದ್ರೆ ನಾಮನಿರ್ದೇಶನದ ಮೂಲಕ. ನೋಡೋಕೆ ಇಬ್ಬರೂ ಎಂಎಲ್‌ಸಿ, ಒಂದೇ ಸದನ, ಒಂದೇ ತರಹದ ಕುರ್ಚಿ.

ಆದ್ರೆ ‘ಆಯ್ಕೆ’ ಅನ್ನೋ ಪದ ನೆನಪಿದ್ಯಾ? ನಾಮನಿರ್ದೇಶನ ಅಂದ್ರೆ ಆಯ್ಕೆ ಅಲ್ಲ, ಹಾಗಾಗಿ ವಿಶ್ವನಾಥ್ ಸಚಿವರಾಗೋ ಹಾಗಿಲ್ಲ ಅಂತ ನವೆಂಬರ್ 2020ರಲ್ಲಿ ಹೈಕೋರ್ಟ್ ಹೇಳ್ತು. ಸುಪ್ರೀಂ ಕೋರ್ಟಲ್ಲೂ ಅದೇ ನಿಲ್ತು. ಎಂಟಿಬಿ ಮಾತ್ರ ಆಯ್ಕೆಯಾಗಿ ಬಂದವರು, ಅವರಿಗೆ ಅಡ್ಡಿ ಇರಲಿಲ್ಲ. 13 ಜನವರಿ 2021ಕ್ಕೆ ಸಚಿವರಾಗಿ ಪ್ರಮಾಣವಚನ ತಗೊಂಡ್ರು, ಪೌರಾಡಳಿತ ಖಾತೆ ನೋಡ್ಕೊಂಡ್ರು.

ಕಾನೂನು ಪ್ರಕಾರ ಎಲ್ಲಾ ಸರಿ. ಆದ್ರೆ ಉರಿಬಿಸಿಲಲ್ಲಿ ಕ್ಯೂ ನಿಂತು ಬೇಡ ಅಂತ ಒತ್ತಿ ಬಂದ ಮತದಾರನ ಜಾಗದಲ್ಲಿ ನಿಂತು ಯೋಚಿಸಿ. ನೀವು ಸೋಲಿಸಿದವರು 13 ತಿಂಗಳಲ್ಲಿ ಸಚಿವರು, ನೀವು ಗೆಲ್ಲಿಸಿದವರು ವಿರೋಧದ ಸಾಲಲ್ಲಿ.

ಆ ಕಡೆ ಶರತ್ ಫೆಬ್ರವರಿ 2021ರಲ್ಲಿ ಕಾಂಗ್ರೆಸ್‌ಗೆ ಬೆಂಬಲ ಘೋಷಿಸಿದ್ರು. ಸೇರಿದ್ರು ಅಂತ ಬರೀತಿಲ್ಲ, ಗಮನಿಸಿ. ಯಾಕಂದ್ರೆ ಪಕ್ಷೇತರರಾಗಿ ಗೆದ್ದವರು ಆಮೇಲೆ ಯಾವುದೇ ಪಕ್ಷ ಸೇರಿದ್ರೆ ಅದೇ ಹತ್ತನೇ ಅನುಸೂಚಿ ಪ್ರಕಾರ ಸೀಟು ಹೋಗುತ್ತೆ. ಕಾನೂನು ಎರಡೂ ಮನೆಯವರಿಗೂ ಚೆನ್ನಾಗೇ ಗೊತ್ತಿತ್ತು.

ಭಾಗ 7/8: ಟ್ಯಾಲಿ ಆಗದ ಲೆಡ್ಜರ್

2023. ಶರತ್ ಅಧಿಕೃತವಾಗಿ ಕಾಂಗ್ರೆಸ್ ಅಭ್ಯರ್ಥಿ, ಎಂಟಿಬಿ ಬಿಜೆಪಿ.

ಬಿಕಾಂ ಬುದ್ಧಿ ಬಿಡುತ್ತಾ? 2019ರ ಲೆಕ್ಕ ಕೂಡಿಸಿ ನೋಡೋಣ. ಶರತ್‌ದು 81,671, ಕಾಂಗ್ರೆಸ್‌ದು 41,443, ಒಟ್ಟು 1,23,114. ಎದುರಿಗೆ ಎಂಟಿಬಿ 70,185. ಈ ಕಾಗದ ನೋಡಿದ್ರೆ ಶರತ್ 50 ಸಾವಿರದಿಂದ ಗೆಲ್ಲಬೇಕಿತ್ತು.

ಆಗಿದ್ದೇನು? ಶರತ್‌ಗೆ ಬಂದಿದ್ದು ಸುಮಾರು 1 ಲಕ್ಷದ 7 ಸಾವಿರ. ಎಂಟಿಬಿ 1 ಲಕ್ಷದ 2 ಸಾವಿರ ದಾಟಿದ್ರು. ಅಂತರ ಬರೀ 5 ಸಾವಿರದ ಆಸುಪಾಸು. ಮತಗಳು ಬ್ಯಾಂಕ್ ಬ್ಯಾಲೆನ್ಸ್ ಅಲ್ಲ ಗುರು, ಒಂದು ಖಾತೆಯಿಂದ ಇನ್ನೊಂದಕ್ಕೆ ಹಾಗೇ ಟ್ರಾನ್ಸ್‌ಫರ್ ಆಗಲ್ಲ.

ಈಗ ಮೊದಲ ಭಾಗದ ಪ್ರಶ್ನೆಗೆ ಬನ್ನಿ. 2018ರಲ್ಲಿ ಗೆದ್ದಿದ್ದು ಕೈ, 2023ರಲ್ಲೂ ಗೆದ್ದಿದ್ದು ಕೈ. ಹಾಗಾದ್ರೆ ಜನ ಗುರುತಿಗೇ ಹಾಕಿದ್ರಾ? ಹಾಗಂದ್ರೆ 2019ರಲ್ಲಿ ಅದೇ ಕೈ ಮೂರನೇ ಸ್ಥಾನಕ್ಕೆ ಹೋಗಿದ್ದು ಯಾಕೆ? ಸರಿ, ಮನುಷ್ಯನಿಗೇ ಹಾಕಿದ್ರಾ? ಹಾಗಂದ್ರೆ ಎಂಟಿಬಿಯ 98 ಸಾವಿರ ಒಂದೂವರೆ ವರ್ಷದಲ್ಲಿ 70 ಸಾವಿರ ಆಗಿ, ಮತ್ತೆ 1 ಲಕ್ಷ ದಾಟಿದ್ದು ಹೇಗೆ?

ನನಗೆ ಕಾಣೋದು ಇಷ್ಟು. ಎರಡೂ ಮನೆಗೆ ಏನೇ ಆದ್ರೂ ಜೊತೆಗಿರೋ ದೊಡ್ಡ ಗುಂಪು ಇದೆ, ಯಾವ ಗುರುತು ಹಿಡಿದ್ರೂ ಹಿಂದೆ ಬರ್ತಾರೆ. ಎರಡೂ ಪಕ್ಷಕ್ಕೂ ತಮ್ಮದೇ ಗುಂಪು ಇದೆ, ಅಭ್ಯರ್ಥಿ ಯಾರಾದ್ರೂ ಬಿಡಲ್ಲ. ಇವರ ಮಧ್ಯೆ ಕೆಲವೇ ಸಾವಿರ ಜನ ಪ್ರತಿ ಸಲ ಹೊಸದಾಗಿ ಯೋಚನೆ ಮಾಡ್ತಾರೆ. 7,597, 11,486, ಆಮೇಲೆ 5 ಸಾವಿರ ಚಿಲ್ಲರೆ: ಮೂರೂ ಸಲ ಫಲಿತಾಂಶ ಬರೆದಿದ್ದು ಅವರು.

ಭಾಗ 8/8: ನಮ್ಮೂರಿಗೆ ವಾಪಸ್

ಈಗ ನೆಲಮಂಗಲ ನೋಡಿ. ನಮ್ಮದು ಪರಿಶಿಷ್ಟ ಜಾತಿಗೆ ಮೀಸಲು ಕ್ಷೇತ್ರ. 2008ರಲ್ಲಿ ಬಿಜೆಪಿಯ ಎಂ.ವಿ. ನಾಗರಾಜು, 2013 ಮತ್ತು 2018ರಲ್ಲಿ ಜೆಡಿಎಸ್‌ನ ಡಾ. ಕೆ. ಶ್ರೀನಿವಾಸಮೂರ್ತಿ, 2023ರಲ್ಲಿ ಕಾಂಗ್ರೆಸ್‌ನ ಎನ್. ಶ್ರೀನಿವಾಸಯ್ಯ. 15 ವರ್ಷದಲ್ಲಿ ಮೂರು ಪಕ್ಷ, ಮೂರು ಮುಖ. ಹೊಸಕೋಟೆಯಲ್ಲಿ ಹೆಸರುಗಳು ನಿಂತವು, ಪಕ್ಷಗಳು ಓಡಾಡಿದವು. ನಮ್ಮಲ್ಲಿ ಪಕ್ಷದ ಜೊತೆ ಹೆಸರೂ ಬದಲಾಯ್ತು.

ಎಂಟಿಬಿ ಜೊತೆ ಒಂದೇ ದಿನ ರಾಜೀನಾಮೆ ಕೊಟ್ಟ ಸುಧಾಕರ್ ಏನಾದ್ರು? 2019ರ ಉಪಚುನಾವಣೆ ಗೆದ್ರು, 2023ರಲ್ಲಿ ಪ್ರದೀಪ್ ಈಶ್ವರ್ ಎದುರು ಸೋತ್ರು, 2024ರಲ್ಲಿ ಬಿಜೆಪಿಯಿಂದ ಲೋಕಸಭೆಗೆ ಗೆದ್ದು ನಮ್ಮ ಸಂಸದರೇ ಆದ್ರು. ಅದಕ್ಕೆ ಸ್ವಲ್ಪ ಮುಂಚೆ, ಮಾರ್ಚ್ 2024ರಲ್ಲಿ, ಬಚ್ಚೇಗೌಡರು ಬಿಜೆಪಿ ಬಿಟ್ಟಿದ್ರು. ಇನ್ನು ಎಂಟಿಬಿಗೆ ಪರಿಷತ್ತಿನ ಅವಧಿ 6 ವರ್ಷ ಇದ್ದಿದ್ರಿಂದ 2023ರ ಸೋಲಿನಿಂದ ಸದನದ ಸೀಟೇನೂ ಹೋಗಲಿಲ್ಲ.

ಇಷ್ಟೆಲ್ಲಾ ಓದಿ ‘ಎಲ್ಲಾರೂ ಒಂದೇ ಬಿಡು’ ಅಂತ ಕೈ ತೊಳ್ಕೊಳ್ಳೋದು ಸುಲಭ. ಆದ್ರೆ ಹೊಸಕೋಟೆ ಜನ ಹಾಗೆ ಮಾಡಲಿಲ್ಲ. ಗೆಲ್ಲಿಸಿದ ಶಾಸಕರನ್ನ ಮಧ್ಯದಲ್ಲಿ ವಾಪಸ್ ಕರೆಸೋ ಹಕ್ಕು ನಮಗಿಲ್ಲ. ಅವರಿಗೆ ಅಪರೂಪಕ್ಕೆ ಒಂದೂವರೆ ವರ್ಷದಲ್ಲೇ ಎರಡನೇ ಚಾನ್ಸ್ ಸಿಕ್ತು, 100ಕ್ಕೆ 90 ಜನ ಬಂದು ಬಟನ್ ಒತ್ತಿದ್ರು. ಸಚಿವ ಸ್ಥಾನ ತಡೆಯೋಕೆ ಅವರಿಂದ ಆಗಲಿಲ್ಲ, ನಿಜ. ಆದ್ರೆ ಹೊಸಕೋಟೆಯ ಶಾಸಕ ಯಾರು ಅನ್ನೋದನ್ನ ಅವರೇ ಬರೆದ್ರು.

2028ರಲ್ಲಿ ನಮ್ಮ ಬ್ಯಾಚಲ್ಲಿ ತುಂಬಾ ಜನ ಮೊದಲ ಸಲ ವಿಧಾನಸಭೆಗೆ ವೋಟು ಹಾಕ್ತೀವಿ. ಅಷ್ಟರಲ್ಲಿ ಎರಡು ಕೆಲಸ ಮಾಡಿ. ಒಂದು, ಪಟ್ಟಿಯಲ್ಲಿ ಹೆಸರು ಸೇರಿಸಿ. ಎರಡು, ಅಭ್ಯರ್ಥಿಗಳ ಅಫಿಡವಿಟ್ ಓದಿ. ಆಸ್ತಿ, ಸಾಲ, ಕೇಸು ಎಲ್ಲಾ ಇರುತ್ತೆ, ಚುನಾವಣಾ ಆಯೋಗದ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ನೋಡಬಹುದು. ಬ್ಯಾಲೆನ್ಸ್ ಶೀಟ್ ಓದೋಕೆ ಬರುತ್ತಲ್ಲ ನಮಗೆ, ಇಲ್ಲಾದ್ರೂ ಉಪಯೋಗ ಆಗ್ಲಿ.

ಕಮೆಂಟಲ್ಲಿ ಹೇಳಿ: ನೀವು ಹಾಕೋದು ಮನುಷ್ಯನಿಗಾ, ಗುರುತಿಗಾ? ಕಾರಣ ಬರೆದವರಿಗೆ ಮಾತ್ರ ರಿಪ್ಲೈ. ಜಗಳ ಬೇಡ, ಮನೆಯಲ್ಲಿ ದೊಡ್ಡವರಿದ್ರೆ ತೋರಿಸಿ, ಅವರ ಹತ್ರ ಇನ್ನೂ ಹಳೇ ಕಥೆಗಳು ಇರ್ತವೆ.

#ನೆಲಮಂಗಲ #ಹೊಸಕೋಟೆ #ಬೆಂಗಳೂರುಗ್ರಾಮಾಂತರ #ನಮ್ಮಇತಿಹಾಸ #ಮೊದಲವೋಟು