ಕೆರೆ ಪಾಚಿಯಿಂದ ಗಾಡಿ ಓಡುತ್ತದೆಯೇ? ಹಸಿರು ಪಾಚಿ ಮತ್ತು ಹೈಡ್ರೋಜನ್ ಇಂಧನ

"ಕೆರೆ ಪಾಚಿ ಸಾಕು, ಇನ್ನು ಪೆಟ್ರೋಲ್ ಬೇಡ" ಎಂಬಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿದ್ದರೆ, ಫಾರ್ವರ್ಡ್ ಮಾಡುವ ಮೊದಲು ಇದನ್ನೊಮ್ಮೆ ಓದಿ. ಅದರಲ್ಲಿ ಅರ್ಧ ನಿಜ, ಇನ್ನರ್ಧ ಉತ್ಪ್ರೇಕ್ಷೆ.

ಪಾಚಿ ಹೈಡ್ರೋಜನ್ ಕೊಡುತ್ತದೆಯೇ?

ಕೊಡುತ್ತದೆ. 1942ರಲ್ಲೇ ಹ್ಯಾನ್ಸ್ ಗ್ಯಾಫ್ರನ್ ಮತ್ತು ಸಹೋದ್ಯೋಗಿ ಇದನ್ನು ಪ್ರಕಟಿಸಿದ್ದರು. ಪಾಚಿ ಬಿಸಿಲಿನ ಶಕ್ತಿಯಿಂದ ನೀರನ್ನು ಒಡೆದಾಗ ಆಮ್ಲಜನಕ, ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳು ಬರುತ್ತವೆ. ಸಾಮಾನ್ಯವಾಗಿ ಈ ಎಲೆಕ್ಟ್ರಾನ್‌ಗಳು ಸಕ್ಕರೆ ತಯಾರಿಗೆ ಹೋಗುತ್ತವೆ. ಆಮ್ಲಜನಕ ಇಲ್ಲದ ಕಡೆ ಮಾತ್ರ ಹೈಡ್ರೋಜನೇಸ್ ಎಂಬ ಕಿಣ್ವ ಎಲೆಕ್ಟ್ರಾನ್, ಪ್ರೋಟಾನ್‌ಗಳನ್ನು ಕೂಡಿಸಿ ಹೈಡ್ರೋಜನ್ ಅನಿಲ ಮಾಡುತ್ತದೆ.

ತೊಡಕು ಎಲ್ಲಿ?

ಪಾಚಿ ತಾನೇ ಹೊರಬಿಡುವ ಆಮ್ಲಜನಕ ಈ ಕಿಣ್ವವನ್ನು ಕೆಡಿಸುತ್ತದೆ. 2000ದಲ್ಲಿ ಅಮೆರಿಕದ ಅನಸ್ತಾಸಿಯೋಸ್ ಮೆಲಿಸ್ ಮತ್ತು ಸಂಗಡಿಗರು ಒಂದು ಉಪಾಯ ಪ್ರಕಟಿಸಿದರು. ಕ್ಲಾಮಿಡೋಮೊನಾಸ್ ಎಂಬ ಪಾಚಿಗೆ ಗಂಧಕ ಸಿಗದಂತೆ ಮಾಡಿದರೆ ನೀರು ಒಡೆಯುವ ಕೆಲಸ ನಿಧಾನವಾಗುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಉಳಿದ ಆಮ್ಲಜನಕವನ್ನು ಪಾಚಿಯೇ ಉಸಿರಾಡಿ ಮುಗಿಸುತ್ತದೆ. ಆಗ ಕೆಲವು ದಿನ ಹೈಡ್ರೋಜನ್ ಬರುತ್ತದೆ. ಆಮೇಲೆ ಪಾಚಿ ಸೊರಗುತ್ತದೆ, ಮತ್ತೆ ಗಂಧಕ ಕೊಟ್ಟು ಚೇತರಿಸಬೇಕು.

ಎಷ್ಟು ಸಿಗುತ್ತದೆ?

ಆ ವಿಧಾನದಲ್ಲಿ ಒಂದು ಲೀಟರ್ ಪಾಚಿ ನೀರಿನಿಂದ ಗಂಟೆಗೆ ಸುಮಾರು 2ರಿಂದ 2.5 ಮಿಲಿಲೀಟರ್ ಅನಿಲ ಬಂತು. ಹೈಡ್ರೋಜನ್ ಕಾರು ಸುಮಾರು 100 ಕಿ.ಮೀ. ಓಡಲು ಒಂದು ಕೆ.ಜಿ. ಬೇಕು, ಅಂದರೆ ಸಾಮಾನ್ಯ ಒತ್ತಡದಲ್ಲಿ ಸುಮಾರು 12,000 ಲೀಟರ್ ಅನಿಲ. ಮನೆ ಮೇಲಿನ 1,000 ಲೀಟರ್ ಟ್ಯಾಂಕಿನ ತುಂಬ ಪಾಚಿ ಬೆಳೆಸಿ, ಹಗಲೂ ರಾತ್ರಿ ಬೆಳಕು ಕೊಟ್ಟು, ಪಾಚಿ ಸೊರಗುವುದೇ ಇಲ್ಲ ಅಂದುಕೊಂಡರೂ ಅಷ್ಟು ಅನಿಲಕ್ಕೆ ಸುಮಾರು 200 ದಿನ ಬೇಕು!

'ಹಸಿರು ಹೈಡ್ರೋಜನ್' ಅಂದರೆ ಇದೇನಾ?

ಅಲ್ಲ. ಇಲ್ಲಿ 'ಹಸಿರು' ಎಂದರೆ ಪರಿಸರಸ್ನೇಹಿ ಎಂದರ್ಥ. ಸೌರ ಅಥವಾ ಗಾಳಿ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ತೆಗೆದ ಹೈಡ್ರೋಜನ್ನಿಗೆ ಹೆಚ್ಚಾಗಿ ಈ ಹೆಸರು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ ಮುಖ್ಯವಾಗಿ ನೆಚ್ಚಿಕೊಂಡಿರುವುದೂ ಇದನ್ನೇ.

ಮನೆಯಲ್ಲಿ ಮಾಡಿ ನೋಡಬಹುದೇ?

ದಯವಿಟ್ಟು ಬೇಡ. ಗಾಳಿಯಲ್ಲಿ ಶೇ. 4ರಷ್ಟು ಹೈಡ್ರೋಜನ್ ಬೆರೆತರೂ ಒಂದು ಕಿಡಿಗೆ ಹೊತ್ತಿಕೊಳ್ಳಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಒಟ್ಟಿನಲ್ಲಿ

ಪಾಚಿ ಹೈಡ್ರೋಜನ್ ಕೊಡುವುದು ನಿಜ, ಅದರಿಂದ ನಿಮ್ಮ ಗಾಡಿ ಓಡುತ್ತದೆ ಎಂಬುದು ಸುಳ್ಳು. 'ಪಾಚಿ ಇಂಧನ ಘಟಕಕ್ಕೆ ಹಣ ಹೂಡಿ' ಎಂದು ಯಾರಾದರೂ ಕೇಳಿದರೆ, ದಿನಕ್ಕೆ ಎಷ್ಟು ಕೆ.ಜಿ. ಹೈಡ್ರೋಜನ್ ಬರುತ್ತದೆ ಎಂದು ಮೊದಲು ಕೇಳಿ ಎನ್ನುವುದು ನಮ್ಮ ಸಲಹೆ.