ಜಾಗರಣೆಯ ರಾತ್ರಿಯ ಕಣ್ಣಪ್ಪ

ಒಂದು ಕಾಲಕ್ಕೆ ಶಿವರಾತ್ರಿ ಎಂದರೆ ಶಿವಮೊಗ್ಗದವರಿಗೆ ಹಗಲು ಹರಕೆರೆಯ ರಾಮೇಶ್ವರ, ರಾತ್ರಿ ಟಾಕೀಸು. ಉಪವಾಸವಿದ್ದವರು ಬೆಳಗಿನವರೆಗೆ ನಿದ್ದೆ ಮಾಡುವಂತಿಲ್ಲ. ಭಜನೆ, ಹರಿಕಥೆಗಳ ಜೊತೆಗೆ ಸಿನಿಮಾವೂ ಜಾಗರಣೆಗೆ ಒದಗಿ ಬಂದದ್ದು ಕನ್ನಡನಾಡಿನ ಊರೂರಿನ ಕತೆ. ಆ ರಾತ್ರಿಗೆಂದೇ ಹುಟ್ಟಿದ್ದೇನೋ ಎನ್ನುವಂತೆ ಜನ ನೆನೆಯುವ ಚಿತ್ರ ಕಪ್ಪು-ಬಿಳುಪಿನ 'ಬೇಡರ ಕಣ್ಣಪ್ಪ'.

ಆದರೆ ಅದು ಶಿವರಾತ್ರಿಗೆ ಬಿಡುಗಡೆಯಾದ ಚಿತ್ರವಲ್ಲ. ತೆರೆಗೆ ಬಂದದ್ದು 1954ರ ಮೇ ತಿಂಗಳ ಬಿಸಿಲಿನಲ್ಲಿ. ಗುಬ್ಬಿ ಕಂಪನಿಯ ನಾಟಕವನ್ನು ಎಚ್.ಎಲ್.ಎನ್. ಸಿಂಹ ಚಿತ್ರವಾಗಿಸಿದರು. ಕಂಪನಿಯಲ್ಲಿ ಬೆಳೆದ ಮುತ್ತುರಾಜ್ ಎಂಬ ತರುಣ ಇದರಿಂದ ರಾಜ್‌ಕುಮಾರ್ ಆದರು. (ಅವರ ಗಾಜನೂರು ತಮಿಳುನಾಡಿನ ಗಡಿಯದ್ದು; ತುಂಗಾ ಅಣೆಕಟ್ಟೆಯ ನಮ್ಮ ಗಾಜನೂರಲ್ಲ. ಈ ಮಾತನ್ನು ಶಿವಮೊಗ್ಗದಲ್ಲಿ ಆಗಾಗ ಹೇಳಬೇಕಾಗುತ್ತದೆ.) ನರಸಿಂಹರಾಜು ಅವರಿಗೂ ಇದೇ ಮೊದಲ ಚಿತ್ರ, ನೀಲೆಯಾಗಿ ಪಂಡರಿಬಾಯಿ.

ಹಬ್ಬಕ್ಕೂ ಚಿತ್ರಕ್ಕೂ ನಂಟು ಬೆಳೆದದ್ದು ಹೇಗೆ? ಶಿವರಾತ್ರಿಯ ವ್ರತಕಥೆಯಲ್ಲಿಯೂ ಒಬ್ಬ ಬೇಡನಿದ್ದಾನೆ. ಮೃಗಕ್ಕೆ ಹೆದರಿ ಬಿಲ್ವದ ಮರ ಏರಿ, ನಿದ್ದೆ ಬಾರದಿರಲೆಂದು ಎಲೆ ಕಿತ್ತು ಕೆಳಗೆ ಹಾಕುತ್ತಾನೆ. ತಿಳಿಯದೆಯೇ ಪೂಜೆ ನಡೆದುಹೋಗುತ್ತದೆ. ಕಣ್ಣಪ್ಪ ಬೇರೆಯವನು. ಅವನು ಕಾಳಹಸ್ತಿಯವನು, ಅರವತ್ತಮೂವರು ಪುರಾತನರಲ್ಲಿ ಒಬ್ಬ. ಬಾಯಲ್ಲಿ ನೀರು ತಂದು ಲಿಂಗಕ್ಕೆ ಎರೆದವನು, ತಾನು ರುಚಿ ನೋಡಿದ ಮಾಂಸವನ್ನೇ ಎಡೆಯಿಟ್ಟವನು. ಮಡಿಯ ಪೂಜಾರಿ ಬೆಚ್ಚಿಬೀಳುವುದು ಸಹಜವೇ. ಆದರೂ ಜನರ ಮನಸ್ಸಿನಲ್ಲಿ ಈ ಇಬ್ಬರು ಬೇಡರು ಒಬ್ಬನೇ ಆಗಿಬಿಟ್ಟರೆಂದು ನನಗೆ ತೋರುತ್ತದೆ. ಮಂತ್ರ ಗೊತ್ತಿಲ್ಲದವನಿಗೆ ಶಿವ ಒಲಿದ ಎಂಬ ಒಂದೇ ಎಳೆ ಇಬ್ಬರ ಕತೆಯಲ್ಲೂ ಇದೆ.

ಇನ್ನೊಂದು ಕಾರಣ ಹಸಿವು. ಈ ಚಿತ್ರದ ಅತಿ ಜನಪ್ರಿಯ ಹಾಡು ಮೋಕ್ಷವನ್ನು ಕೇಳುವುದಿಲ್ಲ. ಹಸಿವು ತಾಳಲಾರೆ, ಕಾಪಾಡು ಎಂದು ಕೇಳುತ್ತದೆ. ಬೆಳಗಿನಿಂದ ಅನ್ನ ಮುಟ್ಟದೆ ನಡುರಾತ್ರಿ ಬೆಂಚಿನ ಮೇಲೆ ಕೂತವನಿಗೆ ಅದರ ಅರ್ಥ ಬಿಡಿಸಿ ಹೇಳಬೇಕೆ?

ಭದ್ರಾವತಿಯಲ್ಲಿ ಇದಕ್ಕೆ ಮತ್ತೊಂದು ಬಣ್ಣವಿದೆ. 1923ರಲ್ಲಿ ಉತ್ಪಾದನೆ ತೊಡಗಿದ ಕಬ್ಬಿಣದ ಕಾರ್ಖಾನೆ, ಅನಂತರದ ಕಾಗದ ಕಾರ್ಖಾನೆ ಇವೆರಡೂ ತಮಿಳು, ತೆಲುಗು ಮಾತಿನ ಸಾವಿರಾರು ಸಂಸಾರಗಳನ್ನು ಭದ್ರಾ ದಂಡೆಗೆ ಕರೆತಂದವು. ಕಣ್ಣಪ್ಪನ ಕತೆ ಅವರಿಗೆ ಹೊಸದಲ್ಲ. ತಮಿಳರಿಗೆ ಆತ ಕಣ್ಣಪ್ಪ ನಾಯನಾರ್, ಹನ್ನೆರಡನೆಯ ಶತಮಾನದ 'ಪೆರಿಯ ಪುರಾಣ'ದವನು, ತೆಲುಗರಿಗೆ ಶ್ರೀಕಾಳಹಸ್ತಿಯವನು, ಕನ್ನಡದಲ್ಲಿ ಹರಿಹರ ರಗಳೆ ಬರೆದ. 1954ರಲ್ಲೇ ಬಂದ ತೆಲುಗಿನ 'ಕಾಳಹಸ್ತಿ ಮಹಾತ್ಮ್ಯಂ'ನಲ್ಲೂ ಕಣ್ಣಪ್ಪನಾದವರು ರಾಜ್‌ಕುಮಾರರೇ. ಅವರು ಬೇರೆ ಭಾಷೆಯಲ್ಲಿ ನಾಯಕರಾದ ಚಿತ್ರ ಅದೊಂದೇ. ಮೂರು ಪಾಳಿಯಲ್ಲಿ ದುಡಿಯುವ, ರಾತ್ರಿ ಎಚ್ಚರವಿರುವುದನ್ನು ವ್ರತವೆಂದೇನೂ ಎಣಿಸದ ಊರಿನಲ್ಲಿ ಮೂರು ಭಾಷೆಯವರಿಗೂ ಪರಿಚಿತನಾದ ಒಬ್ಬ ಬೇಡ ಸಿಕ್ಕಿದ್ದ.

ಚಿತ್ರ ಹಳತಾಯಿತೆನ್ನುವವರು ತಪ್ಪು ಹೇಳುವುದಿಲ್ಲ. ಮಾತು ನಾಟಕದ್ದು, ಕ್ಯಾಮೆರಾ ಹೆಚ್ಚು ಅಲುಗುವುದಿಲ್ಲ, ಹಾಡುಗಳು ತಮ್ಮ ಪಾಡಿಗೆ ಸಮಯ ತೆಗೆದುಕೊಳ್ಳುತ್ತವೆ. ಜಾಗರಣೆಗೆ ಈ ನಿಧಾನವೇ ಅನುಕೂಲ. ಬೆಳಗಿನವರೆಗೆ ಹೋಗಬೇಕಾದವರಿಗೆ ಅವಸರವೇನು! ಕಪ್ಪು-ಬಿಳುಪಿನ ಗುಣವಂತೂ ಕೊನೆಯಲ್ಲಿ ಕಾಣಬೇಕು. ಲಿಂಗದ ಕಣ್ಣಿನಿಂದ ಇಳಿಯುವ ರಕ್ತ ಇಲ್ಲಿ ಕೆಂಪಲ್ಲ, ಬರೀ ಕಪ್ಪು. ಕೆಂಪು ಬಣ್ಣ ಹೊಡೆದಿದ್ದರೆ ಹೇಸಿಗೆಯಾಗಬಹುದಾಗಿದ್ದ ದೃಶ್ಯ ಹೆಂಗಸರು ಮಕ್ಕಳೆಲ್ಲ ಉಸಿರು ಬಿಗಿಹಿಡಿದು ನೋಡುವಂತಾಗಿದೆ. ಒಂದು ಕಣ್ಣು ಕಿತ್ತುಕೊಟ್ಟ ಮೇಲೆ ಎರಡನೆಯದರ ಜಾಗ ಗುರುತಿಗೆಂದು ಲಿಂಗದ ಮೇಲೆ ಕಾಲಿಡುವ ಕ್ಷಣದಲ್ಲಿ ಭಕ್ತಿಯೂ ಅಪಚಾರವೂ ಒಂದೇ ಚೌಕಟ್ಟಿನಲ್ಲಿವೆ.

1988ರಲ್ಲಿ ಬಣ್ಣದ 'ಶಿವ ಮೆಚ್ಚಿದ ಕಣ್ಣಪ್ಪ' ಬಂತು. ಶಿವರಾಜ್‌ಕುಮಾರ್ ಕಣ್ಣಪ್ಪ, ಬಾಲಕನಾಗಿ ಪುನೀತ್, ಶಿವನಾಗಿ ಸ್ವತಃ ರಾಜ್‌ಕುಮಾರ್. ಅದನ್ನೂ ಜನ ಮೆಚ್ಚಿದರು. ಹಳೆಯದನ್ನು ಮಾತ್ರ ಬಿಡಲಿಲ್ಲ. ಅಮೆರಿಕದಲ್ಲಿ 'ಇಟ್ಸ್ ಎ ವಂಡರ್‌ಫುಲ್ ಲೈಫ್' 1946ರಲ್ಲಿ ಬಂದಾಗ ಹಾಕಿದ ಹಣ ಹುಟ್ಟಲಿಲ್ಲ. 1974ರಲ್ಲಿ ಹಕ್ಕುಸ್ವಾಮ್ಯ ನವೀಕರಣ ತಪ್ಪಿಹೋಗಿ, ಟಿ.ವಿ.ಯವರು ವರ್ಷ ವರ್ಷ ಹಾಕುತ್ತಾ ಹೋದದ್ದರಿಂದ ಅದು ಕ್ರಿಸ್‌ಮಸ್ಸಿನ ಚಿತ್ರವಾಯಿತು. ಅಲ್ಲಿ ಟಿ.ವಿ. ಮಾಡಿದ ಕೆಲಸವನ್ನು ನಮ್ಮಲ್ಲಿ ಮೊದಲು ಮಾಡಿದ್ದು ಟಾಕೀಸು.

ಈಗ ನಮ್ಮಲ್ಲೂ ಆ ಕೆಲಸ ಟಿ.ವಿ.ಯ ಪಾಲಿಗೆ ಬಂದಿದೆ. ಮನೆಯಲ್ಲಾದರೆ ದಿಂಬು ಕೈಗೆಟುಕುವಷ್ಟು ಹತ್ತಿರ. ಚಿತ್ರದವರೋ ಕಣ್ಣು ಕೀಳುವ ಪ್ರಸಂಗವನ್ನು ಕಟ್ಟಕಡೆಗೆ ಇಟ್ಟಿದ್ದಾರೆ. ಅದು ಬರುವ ಹೊತ್ತಿಗೆ ಎಚ್ಚರವಿರುವ ಅಜ್ಜಿಯೊಬ್ಬರು, "ಏಳ್ರೋ, ಕಣ್ಣು ಕೀಳೋದು ಬಂತು" ಎಂದು ಮೊಮ್ಮಕ್ಕಳ ಭುಜ ಅಲುಗಿಸುತ್ತಾರೆ.