ಕಾಡಿನ ನಕ್ಷೆಯಲ್ಲಿ ಸೋಲಿಗರ ಹೆಸರು

ಬಿಳಿಗಿರಿರಂಗನ ಬೆಟ್ಟದ ಸುತ್ತಲ ಸೀಮೆಗೆ ಗೆರೆ ಎಳೆದವರು ಹಲವರು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಪಕ್ಕದ ಕೊಳ್ಳೇಗಾಲ, ಇಂದು ಬೇರೆ ತಾಲ್ಲೂಕಾಗಿರುವ ಹನೂರು ಸಹಿತ, 1956ರವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಅರಣ್ಯ ಇಲಾಖೆಯ ಗಡಿಗಳು ಬೇರೆಯೇ. ಈ ಯಾವ ನಕ್ಷೆಯಲ್ಲೂ ಕಾಣದ ಮತ್ತೊಂದು ವಿಂಗಡಣೆ ಸೋಲಿಗರ ನೆನಪಿನಲ್ಲಿತ್ತು. ಅದೇ ‘ಯಲ್ಲೆ’.

ಯಲ್ಲೆ ಎಂದರೆ ಒಂದು ಕುಲದ ಪಾಲಿನ ಕಾಡು. ಅದರೊಳಗೆ ದೇವರು, ಮಾರಮ್ಮ, ವೀರು, ನೀರಿನ ಸೆಲೆಯಾದ ಅಬ್ಬಿ, ಹಿರಿಯರನ್ನು ಮಣ್ಣು ಮಾಡಿದ ಕಲ್ಲುಗುಡಿ ಎಂಬ ನೆಲೆಗಳಿರುತ್ತವೆ. ಗೋಪುರ ಹುಡುಕುವವರ ಕಣ್ಣಿಗೆ ಅಲ್ಲಿ ಒಂದು ಮರ, ಒಂದು ಕಲ್ಲು ಬಿಟ್ಟು ಬೇರೇನೂ ಕಾಣದು. ಹೊರಗಿನವರಿಗೆ ಗೊತ್ತಿರುವುದು ದೊಡ್ಡ ಸಂಪಿಗೆಯಂಥ ಕೆಲವು ಮಾತ್ರ.

1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು. ಒಳಗಿದ್ದ ಪೋಡುಗಳನ್ನು ಹೊರಗೆ ತರಲಾಯಿತು. ಓಡಾಟ ನಿಂತ ಕಡೆ ಕಾಲುದಾರಿಯೂ ಉಳಿಯುವುದಿಲ್ಲ. ಲಾಂಟಾನ ಬೆಳೆದು ಮುಚ್ಚುತ್ತದೆ. ದಾರಿ ಕಾಣದ ಮೊಮ್ಮಕ್ಕಳಿಗೆ ಹೆಸರು ಹೇಳಿಕೊಡುವುದು ಹೇಗೆ?

ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ‘ಏಟ್ರೀ’ ಸಂಸ್ಥೆಯ ಸಂಶೋಧಕರು ಜಿಪಿಎಸ್ ಉಪಕರಣ ಹಿಡಿದು ಸೋಲಿಗ ಹಿರಿಯರೊಂದಿಗೆ ಕಾಡು ಸುತ್ತಿದರು. ಅವರಲ್ಲಿ ಸೋಲಿಗರೇ ಆದ ಸಿ. ಮಾದೇಗೌಡರೂ ಒಬ್ಬರು. ಉಪಕರಣವು ಉಪಗ್ರಹಗಳ ಸಂಕೇತ ಪಡೆದು ನಿಂತ ಜಾಗದ ಅಕ್ಷಾಂಶ, ರೇಖಾಂಶ ಹೇಳುತ್ತದೆ, ಅಷ್ಟೆ. ಆ ಜಾಗ ಯಾವ ಕುಲದ್ದು, ಅಲ್ಲಿ ಯಾರಿಗೆ ಪೂಜೆ ಎಂಬುದನ್ನು ಹಿರಿಯರೇ ಹೇಳಬೇಕು. ಹೀಗೆ 500ರ ಸಮೀಪ ನೆಲೆಗಳು ಗಣಕದ ನಕ್ಷೆಗೆ ಬಂದವು.

ಇದು ಬರೀ ನೆನಪಿನ ಮಾತಾಗಿರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಹಳೆಯ ಬಾವಿ, ಸಮಾಧಿ ಸ್ಥಳ, ಪವಿತ್ರ ಸ್ಥಳಗಳನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಕಾಗದಪತ್ರವಿಲ್ಲದ ಜನಕ್ಕೆ ಅಜ್ಜನ ಕಲ್ಲುಗುಡಿಯೇ ದಾಖಲೆ! 2011ರ ಜನವರಿಯಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಪತ್ರ ದೊರೆಯಿತು. ಹುಲಿ ಕಾಡೊಂದರಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಇಷ್ಟಾದರೂ ನಕ್ಷೆಯ ಚುಕ್ಕೆಗೆ ಕಾಯಿ ಒಡೆಯಲಾಗದು. ಪೂಜೆಗೆ ಕಾಡೊಳಗೇ ಹೋಗಬೇಕು, ದಾರಿ ಬಲ್ಲವರು ಜೊತೆಗಿರಬೇಕು. ಹನೂರು ಕಡೆಯ ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲೂ ಸೋಲಿಗರ ಪೋಡುಗಳಿವೆ. ದಾರಿ ಬಲ್ಲ ಹಿರಿಯರಿಗೆ ವಯಸ್ಸಾಗುತ್ತಿದೆ.